ನೂರನೆಯ ಅಂಗಡಿ

ರಿಬ್ಬನ್ನಿನ ಇನ್ನೊಂದು ತುದಿಯನ್ನು ಎಲ್ಲಿಗೆ ಕಟ್ಟುವುದೆಂದು ತಿಳಿಯದೆ ಅವನು ಬಾಗಿಲ ಪಕ್ಕ ತಡಕುತ್ತಿದ್ದಾಗ ಚಿಕ್ಕಪ್ಪ ಒಳಗಿನಿಂದಲೇ ಹೇಳಿದರು:

"ಎಡಗಡೆ ಕೆಳಗೆ ಕೊಂಡಿ ಇದೆ ನೋಡು. ನೀನು ಸ್ಕೂಲ್ ಬ್ಯಾಗ್ ನೇತು ಹಾಕ್ತಿದ್ಯಲ್ಲ, ಅದೇ."

ಕೊಂಡಿ ಇತ್ತು. ಕಟ್ಟಿದ. ಮೂವತ್ತೆಂಟು ವರ್ಷದಿಂದ ನಡೆಯುತ್ತಿದ್ದ ಅಂಗಡಿ ಇನ್ನೆರಡು ಗಂಟೆಯಲ್ಲಿ ಪ್ರಾರಂಭವಾಗಬೇಕಿತ್ತು.

ಪೇಟೆ ಬೀದಿಯಲ್ಲಿ ಅರ್ಧಕ್ಕರ್ಧ ಅಂಗಡಿಗಳು ಮುಚ್ಚಿಹೋಗಿದ್ದವು. ಊರಿನ ವ್ಯಾಪಾರಕ್ಕೆ ಮತ್ತೆ ಜೀವ ತುಂಬಲು ನಗರಪಾಲಿಕೆ ಒಂದು ಯೋಜನೆ ಹಾಕಿಕೊಂಡಿತ್ತು: ವರ್ಷದೊಳಗೆ ನೂರು ಹೊಸ ಅಂಗಡಿ. ಅದರ ಅಧಿಕಾರಿ ಅವನು. ಅರ್ಥಶಾಸ್ತ್ರದಲ್ಲಿ ಎಂ.ಎ.; ಸಣ್ಣ ವ್ಯಾಪಾರದ ಮೇಲೆ ಒಂದು ದಪ್ಪನೆಯ ಪ್ರಬಂಧವನ್ನೂ ಬರೆದಿದ್ದ. ಅದನ್ನು ಕೊನೆಯವರೆಗೆ ಓದಿದವರು ಯಾರಾದರೂ ಇದ್ದರೆ ಇದುವರೆಗೆ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ತೊಂಬತ್ತೊಂಬತ್ತು ಆಗಿತ್ತು. ಅದರಲ್ಲಿ ಒಂದೇ ಟೀ ಅಂಗಡಿ ಮೂರು ಹೆಸರಿನಲ್ಲಿ ಮೂರು ಸಲ ಬಂದಿತ್ತು. ನೂರನೆಯದಾಗಿ ಚಪ್ಪಲಿ ಅಂಗಡಿ ಇಡಬೇಕಾಗಿದ್ದವನು ಉದ್ಘಾಟನೆಗೆ ಮೂರು ದಿನ ಇದ್ದಾಗ ಕೈಯೆತ್ತಿದ. ಕಮಿಷನರ್ ಸಿಟ್ಟು ಮಾಡಲಿಲ್ಲ. "ತೊಂಬತ್ತೊಂಬತ್ತಕ್ಕೆ ಯಾರೂ ಚಪ್ಪಾಳೆ ಹೊಡೆಯಲ್ಲ ಕಣ್ರೀ," ಎಂದರು, ಅಷ್ಟೆ. ಅವನದು ವರ್ಷದ ಕರಾರಿನ ಕೆಲಸ. ವರ್ಷ ಈ ತಿಂಗಳಿಗೆ ಮುಗಿಯುತ್ತಿತ್ತು.

ಅಂದು ಸಂಜೆಯೇ ಅವನು ಚಿಕ್ಕಪ್ಪನ ಎದುರು ಹೋಗಿ ನಿಂತ. ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಅವರದು. ಗಾಜು ಕತ್ತರಿಸುತ್ತಿದ್ದರು.

"ಒಂದು ದಿನದ ಮಟ್ಟಿಗೆ ಹೊಸ ಅಂಗಡಿ ಅಂದ್ರೆ ಸಾಕು ಚಿಕ್ಕಪ್ಪ."

"ಹಳೇದು ಏನಾಯ್ತು ಅಂತ ಕೇಳಿದ್ರೆ?"

"ಯಾರೂ ಕೇಳಲ್ಲ."

"ಯಾರೂ ಕೇಳಲ್ವಾ?"

ಚಿಕ್ಕಪ್ಪ ಗಾಜಿನ ಮೇಲೆ ಕಟರ್ ಎಳೆದು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಗಾಜು ಎರಡಾಯಿತು. "ನಿನ್ನ ಕೆಲಸ ಉಳಿಯತ್ತೆ ಅನ್ನೋದಾದ್ರೆ ಆಗ್ಲಿ ಬಿಡು," ಎಂದರು.

ಎರಡು ದಿನ ಅಂಗಡಿ ಮುಚ್ಚಿ ಗೋಡೆಗೆ ಸುಣ್ಣ ಬಳಿದದ್ದಾಯಿತು, ಹಳೆಯ ಬೋರ್ಡು ಇಳಿಸಿದ್ದಾಯಿತು. ಕಟ್ಟು ಹಾಕಿ ಸಿದ್ಧವಾಗಿದ್ದ ಗಿರಾಕಿಗಳ ಫೋಟೋಗಳನ್ನೆಲ್ಲ ಕೆಲಸದ ಮೇಜಿನ ಕೆಳಗೆ ತಳ್ಳಿ ಪರದೆ ಎಳೆದರು. ಅಪ್ಪ ಸತ್ತ ಮೇಲೆ ಅವನು ಬೆಳೆದದ್ದು ಆ ಮೇಜಿನ ಕೆಳಗೇ. ಚಿಕ್ಕಪ್ಪ ಮದುವೆಯಾಗಲಿಲ್ಲ, ಯಾಕೆಂದು ಅವನು ಕೇಳಿರಲೂ ಇಲ್ಲ. ಬೋಳುಗೋಡೆಗಳನ್ನು ನೋಡಿ ನಾಚಿಕೆಯಾಗಬೇಕಿತ್ತು. ಆದದ್ದು ನಿರಾಳ. ಅದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಹನ್ನೊಂದಕ್ಕೆ ಮೇಯರ್ ಬಂದರು. ಜೊತೆಗೆ ಕಮಿಷನರ್, ಪತ್ರಿಕೆಯ ಫೋಟೋಗ್ರಾಫರ್. 'ಹೊಸ ಉದ್ಯಮಿ' ಎಂದು ಬರೆದ ಪಟ್ಟಿಯೊಂದನ್ನು ಚಿಕ್ಕಪ್ಪನ ಹೆಗಲಿಗೆ ಅಡ್ಡಲಾಗಿ ಹಾಕಿದರು. ಅದು ದೊಡ್ಡದಾಗಿ ಮೊಣಕಾಲಿನವರೆಗೆ ಜೋತುಬಿತ್ತು. ಕತ್ತರಿ ಮೊಂಡಾಗಿತ್ತು, ಎರಡನೆಯ ಸಲಕ್ಕೆ ರಿಬ್ಬನ್ ಕತ್ತರಿಸಿತು.

"ಈ ಐಡಿಯಾ ಹೇಗೆ ಹೊಳೀತು ಯಜಮಾನ್ರೇ?" ಮೇಯರ್ ಕೇಳಿದರು.

"ಈ ಸಾಹೇಬ್ರು ಹೇಳಿಕೊಟ್ರು."

"ಮೊದಲೇನು ಮಾಡ್ಕೊಂಡಿದ್ರಿ?"

ಚಿಕ್ಕಪ್ಪ ಯೋಚಿಸಿದರು.

"ಏನೂ ಮಾಡ್ತಿರ್ಲಿಲ್ಲ ಸಾರ್."

ಎಲ್ಲರೂ ನಕ್ಕರು. "ಮನೇಲಿ ಯಾರ್ಯಾರಿದ್ದಾರೆ?"

"ಯಾರೂ ಇಲ್ಲ ಸಾರ್. ಒಬ್ಬನೇ."

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಅವನು ಮೊಳದಷ್ಟು ದೂರದಲ್ಲಿ ನಿಂತಿದ್ದ. ಹೊಸ ಅಂಗಡಿಯವನಿಗೆ ಹಳೆಯ ಅಣ್ಣನ ಮಗ ಎಲ್ಲಿಂದ ಬರಬೇಕು ಎಂದು ಲೆಕ್ಕ ಹಾಕಿದ. ಉತ್ತರ ಸರಿಯಾಗಿಯೇ ಇತ್ತು. ಮಿಕ್ಕವರ ಜೊತೆ ಚಪ್ಪಾಳೆ ತಟ್ಟಿದ.

ಮೇಯರ್ ಹೊರಟರು. ಕಮಿಷನರ್ ತಮ್ಮ ಕಾರಿಗೆ ಕಾಯುತ್ತಾ ಮೆಟ್ಟಿಲ ಮೇಲೆ ನಿಂತು ಅವನ ಬೆನ್ನು ತಟ್ಟಿ, "ಮುಂದಿನ ವರ್ಷದ್ದೂ ಆಯ್ತು ಅಂದ್ಕೊಳ್ಳಿ," ಎಂದರು. ಅವನು ಹಲ್ಲು ಕಿರಿದ.

ಆಗ ವಯಸ್ಸಾದ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದು ಕೈಚೀಲದಿಂದ ಒಂದು ಚೀಟಿ ತೆಗೆದಳು.

"ಎರಡು ದಿನ ಬಂದು ವಾಪಸ್ ಹೋದೆ. ನಮ್ಮೆಜಮಾನ್ರ ಫೋಟೋ ಆಯ್ತೇನಪ್ಪಾ?"

ಚಿಕ್ಕಪ್ಪ ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಅಕ್ಷರ ಅವರದೇ.

"ಇದು ಹಳೇ ಅಂಗಡಿ ಚೀಟಿ ತಾಯಿ. ಇದು ಹೊಸ ಅಂಗಡಿ. ಈ ಸಾಹೇಬ್ರನ್ನ ಕೇಳಿ."

"ಹಾಗಂದ್ರೆ? ನಿಮ್ಮ ಕೈಲೇ ಕೊಟ್ಟಿದ್ನಲ್ಲ!" ಅವಳು ಅವನತ್ತ ತಿರುಗಿದಳು. "ನೀವಾದ್ರೂ ಹೇಳಿ ಸಾರ್. ಅವರದ್ದು ಅಂತ ಇದ್ದದ್ದು ಅದೊಂದೇ ಫೋಟೋ."

ಚಿಕ್ಕಪ್ಪನೂ ಅವನನ್ನೇ ನೋಡುತ್ತಿದ್ದರು. ಪರೀಕ್ಷೆಯ ಫಲಿತಾಂಶದ ದಿನ ಅವನು ಮೆಟ್ಟಿಲು ಹತ್ತಿ ಬರುವಾಗ ಹೀಗೆಯೇ ನೋಡುತ್ತಿದ್ದರು: ಏನು ಹೇಳಿದರೂ ಸರಿ, ಬೇಗ ಹೇಳು ಎನ್ನುವಂತೆ. ಫೋಟೋ ಎರಡು ಹೆಜ್ಜೆ ಆಚೆ ಪರದೆಯ ಹಿಂದಿತ್ತು. ಬಗ್ಗಿ ತೆಗೆದುಕೊಟ್ಟರೆ ಮುಗಿಯಿತು. ಕಮಿಷನರ್ ಮೊಬೈಲಿನಿಂದ ತಲೆಯೆತ್ತಿದರು. ಫೋಟೋಗ್ರಾಫರ್ ಕ್ಯಾಮೆರಾವನ್ನು ಇನ್ನೂ ಚೀಲಕ್ಕೆ ಹಾಕಿರಲಿಲ್ಲ.

"ಇವತ್ತೇ ಶುರುವಾದ ಅಂಗಡಿ ಅಮ್ಮಾ," ಎಂದ.

ತನ್ನ ದನಿ ಇಷ್ಟು ಸಹಜವಾಗಿ ಬಂದೀತೆಂದು ಅವನು ಅಂದುಕೊಂಡಿರಲಿಲ್ಲ. ಹೆಂಗಸು ಜಗಳವಾಡಲಿಲ್ಲ. ಚೀಟಿಯನ್ನು ಮಡಿಸಿ, ತಪ್ಪು ಮನೆಯ ಬಾಗಿಲು ತಟ್ಟಿದವಳ ಹಾಗೆ ಸಂಕೋಚದಿಂದ ಇಳಿದು ಹೋದಳು. ಕಾರು ಬಂತು. ಕಮಿಷನರ್ ಹೋದರು, ಅವರ ಹಿಂದೆ ಫೋಟೋಗ್ರಾಫರ್.

"ಚಿಕ್ಕಪ್ಪಾ, ಕಮಿಷನರ್ ಅಲ್ಲೇ ಇದ್ರು, ಅದಕ್ಕೆ..."

"ಯಾರಿಗೆ ಹೇಳ್ತಿದ್ದೀರಿ ಸಾರ್?"

ತಮಾಷೆಯಿರಬೇಕೆಂದು ಅವನು ಮುಖ ನೋಡಿದ. ಚಿಕ್ಕಪ್ಪ ಮಂಡಿಯೂರಿ, ಪರದೆ ಸರಿಸಿ, ಒಂದೊಂದೇ ಫೋಟೋ ತಿರುವಿ ಹಾಕುತ್ತಿದ್ದರು. ಬೇಕಾದದ್ದು ಸಿಕ್ಕಿತು. ಅಂಗಿಯ ತುದಿಯಿಂದ ಗಾಜು ಒರೆಸಿ, ಕಾಗದ ಸುತ್ತಿ ಕಂಕುಳಲ್ಲಿಟ್ಟುಕೊಂಡರು. ಹೆಗಲ ಪಟ್ಟಿಯನ್ನು ತೆಗೆದು ಮಡಿಸಿ ಮೇಜಿನ ಮೇಲಿಟ್ಟರು. ಅದರ ಮೇಲೆ ಬೀಗದ ಕೈ ಇಟ್ಟರು.

"ನೋಡ್ಕೊಂಡಿರಿ ಸಾರ್. ನಿಮ್ಮ ಅಂಗಡಿ."

"ಎಷ್ಟೊತ್ತಿಗೆ ಬರ್ತೀರಿ?"

ಚಿಕ್ಕಪ್ಪ ಆಗಲೇ ಬೀದಿಗಿಳಿದಿದ್ದರು. ಮುಚ್ಚಿದ ಅಂಗಡಿಗಳ ಸಾಲಿನುದ್ದಕ್ಕೂ ಓಡುನಡಿಗೆಯಲ್ಲಿ ಹೋಗಿ ಆ ಹೆಂಗಸನ್ನು ಕೂಡಿಕೊಂಡರು. ಅವಳು ಕಾಗದ ಬಿಚ್ಚಿ ನೋಡಿದಳು. ಚಿಕ್ಕಪ್ಪ ಏನೋ ಹೇಳಿದರು. ಇಬ್ಬರೂ ಮಾತಾಡುತ್ತಾ ತಿರುವಿನಲ್ಲಿ ಮರೆಯಾದರು.

ಅವನು ಕಾದ. ಎರಡಾಯಿತು, ಮೂರಾಯಿತು. ಫೋನು ಮಾಡಿದರೆ ಅದು ಮೇಜಿನ ಡ್ರಾಯರಿನಲ್ಲೇ ರಿಂಗಾಯಿತು. ಆಫೀಸಿನಿಂದ ಕರೆ ಬಂತು: ಫೋಟೋ ಚೆನ್ನಾಗಿ ಬಂದಿದೆಯಂತೆ, ನಾಳೆ ಮೊದಲ ಪುಟದಲ್ಲಂತೆ. "ಒಳ್ಳೇದು," ಎಂದ. ಹೊರಡೋಣವೆಂದರೆ ಅಂಗಡಿ ಬಿಟ್ಟು ಹೋಗುವಂತಿರಲಿಲ್ಲ; ಹೊಸ ಅಂಗಡಿಯನ್ನು ಮೊದಲನೆಯ ದಿನವೇ ಮುಚ್ಚಿದರೆ ನೋಡಿದವರು ಏನಂದಾರು? ದುಃಖವಾಗುತ್ತಿದೆಯೇ ಎಂದು ತನ್ನನ್ನೇ ಕೇಳಿಕೊಂಡ. ಆಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಸುಸ್ತಾಗಿತ್ತು. ಚಿಕ್ಕಪ್ಪನ ಕುರ್ಚಿಯಲ್ಲಿ ಕೂತ. ಅದು ಅವನ ಮೈಗೆ ಒಗ್ಗಲಿಲ್ಲ.

ನಾಲ್ಕೂವರೆಯ ಹೊತ್ತಿಗೆ ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು ಒಳಗೆ ಇಣುಕಿದ.

"ಹೊಸ ಅಂಗಡಿನಾ?"

"ಹೌದು."

"ಏನು ಸಿಗತ್ತೆ ಇಲ್ಲಿ?"

ಅವನು ಉತ್ತರಕ್ಕಾಗಿ ಎಂಬಂತೆ ಹಿಂದೆ ತಿರುಗಿ ಗೋಡೆ ನೋಡಿದ. ನೆಲದಿಂದ ಸೂರಿನವರೆಗೂ ಸಾಲುಸಾಲಾಗಿ ಮೊಳೆಗಳು. ಸುಣ್ಣ ಬಳಿಯುವವನು ಕೀಳುವ ಗೋಜಿಗೆ ಹೋಗದೆ ಅವುಗಳ ಮೇಲೂ ಬಿಳಿ ಬಳಿದಿದ್ದ. ಸಂಜೆಯ ಓರೆ ಬಿಸಿಲಿಗೆ ಒಂದೊಂದು ಮೊಳೆಯೂ ತನ್ನ ಕೆಳಗೆ ಒಂದು ಸಣ್ಣ ನೆರಳನ್ನು ನೇತುಹಾಕಿಕೊಂಡಿತ್ತು. ಬಂದವನು ಇನ್ನೂ ಬಾಗಿಲಲ್ಲೇ ಕಾಯುತ್ತಿದ್ದ.