ತಾ ಅಂದರೇನು

ಅಮೋಘಸಿದ್ಧ ಕುರಿಹಿಂಡು ಹೊಡೆದುಕೊಂಡು ತಂಗಡಗಿ ಬಿಟ್ಟು ನಾಲ್ಕು ತಿಂಗಳಾಗಿತ್ತು. ಬಸವನ ಬಾಗೇವಾಡಿಯ ಹೊಲಗಳಲ್ಲಿದ್ದಾಗ ದಿನಾ ಸಂಜೆ ಹೆಂಡತಿಗೆ ಫೋನು ಮಾಡುತ್ತಿದ್ದವನು, ಇಂಡಿ ಕಡೆ ಲಚ್ಯಾಣಕ್ಕೆ ಹೋದ ಮೇಲೆ ಸುಮ್ಮನಾದ. ಹೆಂಡತಿ ಹುಲಿಗೆವ್ವ ಫೋನು ಹಚ್ಚಿದಾಗಲೆಲ್ಲ ಸ್ವಿಚ್ ಆಫ್. ಒಂಬತ್ತನೆಯ ದಿನ ಒಂದು ಮೆಸೇಜು ಬಂತು. ಅದರಲ್ಲಿ ಇದ್ದದ್ದು ಒಂದೇ ಅಕ್ಷರ: ತಾ.

ಎರಡನೇ ಇಯತ್ತೆಗೇ ಸಾಲಿ ಬಿಟ್ಟ ಗಂಡ ಅಷ್ಟು ಬರೆದದ್ದೇ ದೊಡ್ಡದು. ಆದರೂ ಅವಳಿಗೆ ತಡೆಯಲಾಗಲಿಲ್ಲ. ನಿವೃತ್ತ ಶಿಕ್ಷಕಿ ತುಳಸೀಬಾಯಿಯವರ ಕಟ್ಟೆಗೆ ಹೋಗಿ ಫೋನು ಮುಂದೆ ಹಿಡಿದಳು.

“ಬರೇ ತಾ ಅಂದ್ರ ಹ್ಯಾಂಗ ಹೇಳ್ಲಿ ಹುಲಿಗೆವ್ವ?” ಎಂದರು ಅವರು. “ಕಾಗದದ ಮ್ಯಾಲ ಇದ್ರ ತಾರೀಖು. ವಿಳಾಸದಾಗ ಬಂದ್ರ ತಾಲೂಕು. ಬರದು ಮುಗಿಸಿದ ಮ್ಯಾಲ ಏನರ ನೆನಪಾದ್ರ ತಾ.ಕ. ಅಂತ ಹಾಕಿ ಕೆಳಗ ಸೇರಸ್ತಾರ.”

“ತಾರೀಖ ಇರಬೌದೇನ್ರಿ ಅಕ್ಕೋರ? ಊರಿಗೆ ಬರೂ ತಾರೀಖು?”

ತುಳಸೀಬಾಯಿ ಅವಳ ಮುಖವನ್ನೇ ನೋಡಿದರು. “ಅಂಕಿ ಇಲ್ಲಲ್ಲವ್ವಾ,” ಎಂದರು ಮೆಲ್ಲಗೆ.

ಹಾಗಾದರೆ ತಾ ಅಂದರೆ ತಗೊಂಡು ಬಾ ಅಂತಲೇ. ಏನನ್ನು? ಅದೊಂದು ತಿಳಿಯದೆ ಅವಳು ಎಲ್ಲವನ್ನೂ ಕಟ್ಟಿದಳು: ಕಟಕ ರೊಟ್ಟಿ, ಶೇಂಗಾ ಹಿಂಡಿ, ದಪ್ಪ ಕಂಬಳಿ, ಅವನ ಮೊಣಕಾಲಿಗೆ ಹಚ್ಚುವ ಎಣ್ಣೆ.

“ನಿನ್ನ ತಾ ಅಂದಾನೇನ ಮತ್ತ?” ಎಂದು ಅತ್ತೆ ಕೆಣಕಿದಳು.

“ಅಂದಿದ್ರೂ ಅಂದಿರಬೌದು,” ಎಂದು ಹುಲಿಗೆವ್ವ ಗಂಟು ಹೆಗಲಿಗೇರಿಸಿದಳು.

ಮುದ್ದೇಬಿಹಾಳದಲ್ಲಿ ಬಸ್ಸು ಹತ್ತಿ ಸಿಂದಗಿಗೆ ಹೋಗಿ, ಅಲ್ಲಿ ಎರಡು ತಾಸು ಕಾದು, ಇಂಡಿ ಮುಟ್ಟಿ, ಲಚ್ಯಾಣದಲ್ಲಿ ಇಳಿಯುವಾಗ ಹೊತ್ತು ಬಾಗಿತ್ತು. ಕೊಯ್ದ ಸಜ್ಜೆಯ ಹೊಲದಲ್ಲಿ ಹಿಂಡು ಕಂಡಿತು. ಅಮೋಘಸಿದ್ಧ ಆಗತಾನೇ ಹುಟ್ಟಿದ ಮರಿಯ ಮೈ ಒರೆಸುತ್ತಿದ್ದ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಅವಳನ್ನು ಕಂಡು ಮರಿಯನ್ನು ಕೆಳಗಿಡುವುದನ್ನೂ ಮರೆತ.

“ಯಾಕ ಬಂದಿ?”

“ನೀನ ತಾ ಅಂತ ಬರದಿಯಲ್ಲ!”

“ತಾಳು ಅಂತ ಬರಿಯಾಕತ್ತಿದ್ನಿ. ಕುರಿ ಈಯಾಕತ್ತಾವ, ಇನ್ನೊಂದ ತಿಂಗಳ ತಾಳು ಅಂತ. ಫೋನ ಕಾಲವ್ಯಾಗ ಬಿದ್ದು ಎಂಟ ದಿನ ಬಂದ್ ಇತ್ತು, ಚಾಲೂ ಆದ್ರೂ ದನಿ ಹೋಗಿತ್ತು. ಳ ಹುಡುಕೂದ್ರಾಗ ಕೈ ಬಡದು ಅಷ್ಟ ಹೋತು. ಆಮ್ಯಾಲ ಫೋನೂ ಸತ್ತಿತು.”

ಹುಲಿಗೆವ್ವ ನಗಲು ಹೋಗಿ ಸೆರಗು ಬಾಯಿಗೊತ್ತಿಕೊಂಡಳು. “ನಾಕ ತಿಂಗಳ ತಾಳೇನಿ. ಇನ್ನೆಷ್ಟ ತಾಳ್ಲಿ?”

ಅವನು ಮರಿಯನ್ನು ಮೆಲ್ಲಗೆ ಕೆಳಗಿಟ್ಟ. ಗಂಟು ಬಿಚ್ಚಿ, ರೊಟ್ಟಿ ಮುರಿದು, ಮೊದಲ ತುಂಡು ಅವಳ ಕೈಗಿಟ್ಟ.

ಮೂರು ದಿನ ಇದ್ದಳು. ತಾಯಿ ಮೂಸದ ಮರಿಗಳಿಗೆ ಹಾಲು ಕುಡಿಸಿದಳು, ಅವನ ಮೊಣಕಾಲು ತಿಕ್ಕಿದಳು. ನಾಲ್ಕನೆಯ ಬೆಳಿಗ್ಗೆ, ಊರಲ್ಲಿ ಅತ್ತೆ ಒಬ್ಬಳೇ ಎಂದು ಹೊರಟಳು. ಅವನು ರಸ್ತೆಯವರೆಗೆ ಬಂದ. ಬಸ್ಸು ಬಿಡುವವರೆಗೂ ಕಿಟಕಿಯ ಸರಳು ಹಿಡಿದೇ ನಿಂತಿದ್ದ.

ಹಿಂಡಿನ ನಾಯಿ ಬಸ್ಸಿನ ಹಿಂದೆ ಬಹಳ ದೂರ ಓಡಿ ಬಂತು. ಅವನು ಅದನ್ನು ವಾಪಸು ಕರೆಯಲಿಲ್ಲ.