ಟನಲ್ ಆಚೆಯ ಮನೆ

ನೋಯ್ಡಾದ ಒಂದು ಇಂಜಿನಿಯರಿಂಗ್ ಕಾಲೇಜಿನ ಹಿತ್ತಲ ಶೆಡ್ಡಿನಲ್ಲಿ, ಶಬ್ದಕ್ಕಿಂತ ವೇಗವಾಗಿ ಗಾಳಿ ಓಡಿಸುವ ಪುಟ್ಟದೊಂದು ವಿಂಡ್ ಟನಲ್ ಇತ್ತು. ಕಂಪ್ರೆಸರ್ ಗಂಟೆಗಟ್ಟಲೆ ಗುರುಗುಟ್ಟಿ ಟ್ಯಾಂಕಿಗೆ ಗಾಳಿ ತುಂಬಬೇಕು. ವಾಲ್ವ್ ತೆರೆದರೆ ಅಷ್ಟೂ ಗಾಳಿ ಅಂಗೈಯಗಲದ ದಾರಿಯಲ್ಲಿ ನುಗ್ಗಿ, ಆಕಾಶ ಹರಿದುಬಿದ್ದ ಹಾಗೆ ಸದ್ದು ಮಾಡುತ್ತ ಕ್ಷಣಗಳಲ್ಲಿ ಖಾಲಿಯಾಗುತ್ತಿತ್ತು. ಆ ಕ್ಷಣಗಳನ್ನೇ ನಂಬಿಕೊಂಡು ಚಿನ್ಮಯಿ ಪಿಎಚ್‌.ಡಿ. ಮಾಡುತ್ತಿದ್ದಳು.

ಕಾಂಪೌಂಡಿನಾಚೆ ಹೊಸ ಫ್ಲಾಟುಗಳು ಎದ್ದಮೇಲೆ ತಕರಾರು ಶುರುವಾಯಿತು. ಅವಳ ಗೈಡ್ ಇಂದುಶೇಖರ್ ಸರ್, ದೂರು ಕೊಟ್ಟವರನ್ನು ಹೇಗಾದರೂ ಒಪ್ಪಿಸು, ಇಲ್ಲದಿದ್ದರೆ ಟನಲ್‌ಗೆ ಬೀಗ ಬೀಳುತ್ತದೆ ಎಂದರು. ಸದ್ದು ಕಾನೂನಿನ ಮಿತಿಯಲ್ಲೇ ಇದೆಯೆಂದು ಹಿಂದಿಯಲ್ಲಿ ವಾದಿಸಲು ಮನಸ್ಸಿನಲ್ಲೇ ತಾಲೀಮು ನಡೆಸುತ್ತ ಚಿನ್ಮಯಿ ದೂರಿನ ಪಟ್ಟಿಯಲ್ಲಿ ಮೊದಲಿದ್ದ ಮನೆಯ ಬೆಲ್ ಒತ್ತಿದಳು.

ಬಾಗಿಲು ತೆರೆದ ಹೆಂಗಸು ಒಳಕ್ಕೆ ತಿರುಗಿ, "ಯಾರೋ ಹುಡುಗಿ ಬಂದಿದಾಳೆ ಅಷ್ಟೇ ರೀ, ಹೆದರಬೇಡಿ" ಎಂದರು. ಕನ್ನಡ ಕಿವಿಗೆ ಬಿದ್ದದ್ದೇ ಚಿನ್ಮಯಿಗೆ ವಾದವೆಲ್ಲ ಮರೆತುಹೋಯಿತು.

ಅವರ ಹೆಸರು ಮನೋರಮಾ. ಗಂಡ ಸೂರ್ಯನಾರಾಯಣ ಸರ್ಕಾರಿ ಕೆಲಸದಲ್ಲಿದ್ದಷ್ಟು ಕಾಲ ದೆಹಲಿಯ ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿದ್ದು, ನಿವೃತ್ತರಾದಮೇಲೆ ಇಲ್ಲಿಗೆ ಬಂದಿದ್ದರು. ಆಮೇಲೆ ಲಕ್ವ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು. ಟನಲ್ ಸದ್ದು ಕೇಳಿದರೆ ಅವರ ಮೈಯೆಲ್ಲ ನಡುಗುತ್ತದೆ, ಆ ದಿನ ಊಟ ಸೇರುವುದಿಲ್ಲ ಎಂದು ಮನೋರಮಾ ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು.

ಇನ್ನುಮುಂದೆ ಪ್ರತಿಸಲವೂ ಮೊದಲೇ ಫೋನ್ ಮಾಡುತ್ತೇನೆಂದು ಚಿನ್ಮಯಿ ಮಾತು ಕೊಟ್ಟಳು. ಮಾಡಿದಳು ಕೂಡ. ಮನೋರಮಾ ಗಂಡನ ಕಿವಿ ಮುಚ್ಚಿ ಹಿಡಿದರೂ ನಡುಕ ನಿಲ್ಲಲಿಲ್ಲ. ಸದ್ದು ಎಲ್ಲಿಂದ, ಯಾತಕ್ಕೆ ಬರುತ್ತದೆಂದು ಗೊತ್ತಿಲ್ಲದವರಿಗೆ ಬರೀ ಮುನ್ಸೂಚನೆ ಕೊಟ್ಟು ಏನು ಪ್ರಯೋಜನ ಎನ್ನಿಸಿತು ಅವಳಿಗೆ. ಅವರನ್ನು ಶೆಡ್ಡಿಗೇ ಕರೆತರುತ್ತೇನೆ ಎಂದಾಗ ಇಂದುಶೇಖರ್ ಸರ್ ಖಡಾಖಂಡಿತವಾಗಿ ಬೇಡವೆಂದರು. ಡಾಕ್ಟರು ಅಡ್ಡಿಯಿಲ್ಲ ಎಂದಮೇಲೆ ಒಲ್ಲದ ಮನಸ್ಸಿನಿಂದ ಒಪ್ಪಿದರು.

ಗಾಲಿಕುರ್ಚಿಯಲ್ಲಿ ಬಂದ ಸೂರ್ಯನಾರಾಯಣರಿಗೆ ಕಿವಿಗವಸು ಹಾಕಿ, ಗಾಜಿನ ಗೋಡೆಯ ಈಚೆ, ಟನಲ್ ಒಳಗಿನ ಗಾಳಿಯನ್ನು ತೋರಿಸುವ ಪರದೆಯ ಮುಂದೆ ಕೂರಿಸಿದರು. ಟ್ಯಾಂಕು ತುಂಬುವವರೆಗೂ ಚಿನ್ಮಯಿ ಅವರ ಪಕ್ಕದಲ್ಲೇ ಕೂತು, ಟನಲ್ ಒಳಗೆ ನಿಲ್ಲಿಸಿದ್ದ ಬೆರಳುದ್ದದ ಉಕ್ಕಿನ ಮೊನೆಯನ್ನು ತೋರಿಸಿದಳು.

"ಇದು ವಿಮಾನದ ಮೂತಿ ಅಂದ್ಕೊಳ್ಳಿ ಅಂಕಲ್. ಎದುರಿಗೆ ಏನೋ ಇದೆ ಅನ್ನೋದೇ ಗಾಳಿಗೆ ಮುಂಚೆ ಗೊತ್ತಾಗಲ್ಲ. ಹತ್ತಿರ ಬಂದಮೇಲೆ ಒಂದೇ ಸಲ ಬೆಚ್ಚಿಬೀಳುತ್ತೆ. ಅದು ಬೆಚ್ಚಿಬಿದ್ದ ಜಾಗ ಪರದೆ ಮೇಲೆ ಕಾಣುತ್ತೆ, ನೋಡಿ."

ವಾಲ್ವ್ ತೆರೆಯಿತು. ನೆಲ ಅದುರಿತು. ಸೂರ್ಯನಾರಾಯಣರ ಭುಜಗಳು ನಡುಗಿದವು. ಮನೋರಮಾ ಅವರನ್ನು ತಬ್ಬಿ ಹಿಡಿದರು. ಪರದೆಯ ಮೇಲೆ ಮೊನೆಯ ಎರಡೂ ಬದಿಗೆ, ದೋಣಿ ಸೀಳಿದ ನೀರಿನ ಹಾಗೆ, ಕಪ್ಪು ಗೆರೆಗಳು ಓರೆಯಾಗಿ ಮೂಡಿ ನಿಂತವು. ಮರುಕ್ಷಣ ಮಾಯವಾದವು.

ತಪ್ಪು ಮಾಡಿದೆನೇನೋ ಎಂದು ಚಿನ್ಮಯಿ ಅಂದುಕೊಳ್ಳುವಷ್ಟರಲ್ಲಿ ಸೂರ್ಯನಾರಾಯಣ ಎಡಗೈ ಎತ್ತಿ ಪರದೆಯ ಕಡೆ ಬೆರಳು ಆಡಿಸಿದರು. ಗಂಡನ ಸನ್ನೆ ಮನೋರಮಾಗೆ ಅರ್ಥವಾಯಿತು.

"ಇನ್ನೊಂದ್ಸಲ ಬೇಕಂತೆ."

ಟ್ಯಾಂಕು ತುಂಬಬೇಕು, ತಡವಾಗುತ್ತದೆ ಎಂದಳು ಚಿನ್ಮಯಿ. ಅವರು ಕದಲಲಿಲ್ಲ, ಕಾದರು. ಎರಡನೇ ಸಲ ಗೆರೆಗಳು ಮೂಡಿದಾಗ ಅವರ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು, ಕಣ್ಣು ಮಾತ್ರ ಪರದೆ ಬಿಟ್ಟು ಅಲ್ಲಾಡಲಿಲ್ಲ.

ಮನೋರಮಾ ದೂರು ಹಿಂತೆಗೆದುಕೊಂಡರು. ಮಿಕ್ಕ ಫ್ಲಾಟುಗಳವರು ಬಿಡಲಿಲ್ಲ. ಬಿಡಬೇಕಾದ ಕಾರಣವೂ ಇರಲಿಲ್ಲ. ಕೊನೆಗೆ ಕಾಲೇಜು ಗಾಳಿ ಹೊರಬೀಳುವ ಕಡೆ ಸದ್ದಡಗಿಸುವ ದೊಡ್ಡ ಪೆಟ್ಟಿಗೆ ಕಟ್ಟಿಸಿತು. ಆ ಕೆಲಸದಲ್ಲಿ ತಿಂಗಳುಗಳೇ ಉರುಳಿ ಚಿನ್ಮಯಿಯ ಥೀಸಿಸ್ ಹಿಂದೆ ಬಿತ್ತು. ಬೇಸರವಾಯಿತಾದರೂ ಯಾರನ್ನೂ ದೂರಲು ಅವಳಿಗೆ ಮನಸ್ಸಾಗಲಿಲ್ಲ.

ಟನಲ್ ಮತ್ತೆ ಶುರುವಾದ ದಿನವೂ ಅವಳು ಮೊದಲೇ ಫೋನ್ ಮಾಡಿದಳು. ಪ್ರಯೋಗ ಮುಗಿದಮೇಲೆ ಮತ್ತೆ ಮಾಡಿದಳು.

"ಅಚ್ಛಾ, ಮುಗೀತಾ? ನಮಗೇನೂ ಕೇಳಿಸಲೇ ಇಲ್ಲವಲ್ಲ" ಎಂದರು ಮನೋರಮಾ. "ಇವರು ಮಾತ್ರ ಕಿಟಕಿ ಹತ್ತಿರ ಇನ್ನೂ ಕಾಯ್ತಾ ಕೂತಿದ್ದಾರೆ."

ಫೋನನ್ನು ಅಂಕಲ್ ಕಿವಿಗೆ ಹಿಡಿಯಿರಿ ಎಂದಳು ಚಿನ್ಮಯಿ. ಆ ಕಡೆಯಿಂದ ನಿಧಾನವಾದ ಉಸಿರು ಕೇಳಿಸಿತು.

"ಗೆರೆಗಳು ಚೆನ್ನಾಗಿ ಬಂದವು ಅಂಕಲ್" ಎಂದಳು. "ನಾಳೆ ನಾನೇ ಬಂದು ಕರ್ಕೊಂಡು ಹೋಗ್ತೀನಿ."