ಸೂರ್ಯ ಚಂದ್ರ ಇರೋಗಂಟ

ತಿಪಟೂರಿಗೆ ಇಂಟರ್ನೆಟ್ಟನ್ನು ತಂದವನು ನಾನೇ. ನನ್ನ ಶಿವಮೂರ್ತಿ ಬ್ರೌಸಿಂಗ್ ಸೆಂಟರ್ ತೆರೆದ ದಿನ ಜನರ ಸಾಲು ಕೆರೆ ಏರಿ ಮುಟ್ಟಿತ್ತು. ಅಮೆರಿಕದಲ್ಲಿ ಕಂಪ್ಯೂಟರ್ ಕೆಟ್ಟರೆ ಅಲ್ಲಿನವರು ಮೊದಲು ನನ್ನನ್ನು ಕೇಳಿ, ಆಮೇಲೆ ಬಿಚ್ಚುತ್ತಿದ್ದರು.

೨೦೦೪ರಲ್ಲಿ ಹಾಲ್ಕುರಿಕೆಯ ಅನಸೂಯಮ್ಮ ಬಂದರು. ಗಂಡ ತೀರಿಕೊಂಡ ಮೇಲೆ ಮನೆ ಭಾಗವಾಗಿತ್ತು. ಗಂಡ ಇಟ್ಟಿದ್ದ ‘ಗಂಗಾ ಕೊಬ್ಬರಿ’ ಎಂಬ ಹೆಸರು, ಚೀಲದ ಮೇಲೆ ಒತ್ತುವ ಮಾರ್ಕು, ಆ ಹೆಸರಿನ ಡಾಟ್ ಕಾಮ್ ಎಲ್ಲವೂ ಮೈದುನ ಬಸವರಾಜಪ್ಪನ ಪಾಲಾಗಿದ್ದವು. ಮುಂದಿನ ಕೊಬ್ಬರಿಯನ್ನು ತಾವೇ ಮಾರಿ ತೋರಿಸದಿದ್ದರೆ ಅವರ ಪಾಲಿಗೆ ಬಂದ ತೋಟದ ಉಸ್ತುವಾರಿಯೂ ಮೈದುನನಿಗೆ ಎಂದು ಹಿರಿಯರು ಹೇಳಿಬಿಟ್ಟಿದ್ದರು. ದೆಹಲಿಯ ವ್ಯಾಪಾರಿಯೊಬ್ಬ ಮಾತ್ರ, ಇಂಟರ್ನೆಟ್ಟಿನಲ್ಲಿ ತೋಟ, ಮಾಲು ನೋಡಿ ಲಾರಿ ಕಳಿಸುತ್ತೇನೆ ಎಂದಿದ್ದ.

“ಅದೇ ಹೆಸರು ಸಿಕ್ತದೇನಪ್ಪಾ?”

“ಕಾಮ್ ಹೋಯ್ತು ಬುಡಿ ಅಕ್ಕ. ಈಗ ಇನ್ಫೋ, ಬಿಜ್ ಅಂತ ಹೊಸ ಬಾಲಗಳು ಬಂದವೆ. ಇನ್ಫೋ ಪುಕ್ಕಟೆ ಬೇರೆ. ನೋಡ್ತಿರಿ, ಇನ್ನೆರಡು ವರ್ಷಕ್ಕೆ ಕಾಮ್ ಇಟ್ಕೊಂಡೋರು ಮುಖ ಮುಚ್ಕೊಂಡು ತಿರುಗ್ತಾರೆ.”

“ಅದು ನಂದೇ ಆಯ್ತದಾ?”

“ಸೂರ್ಯ ಚಂದ್ರ ಇರೋಗಂಟ ನಿಮ್ದೇ ಕಣಕ್ಕ.”

ಪುಕ್ಕಟೆ ಒಂದು ವರ್ಷಕ್ಕೆ ಮಾತ್ರ ಎಂಬುದು ನನಗೆ ಗೊತ್ತಿತ್ತು. ಆದರೆ ಅದು ಸಣ್ಣ ಮಾತು. ಸಣ್ಣ ಮಾತು ನನ್ನ ಬಾಯಿಗೆ ಬರುವುದಿಲ್ಲ.

ಅವರ ತೋಟದ ಫೋಟೊ ಹಾಕಿ ಆ ಹೆಸರಿನಲ್ಲಿ ಪುಟ ಮಾಡಿಕೊಟ್ಟೆ. ಅದೇ ವಾರ ಅವರು ಒಣಗಿ ಕೊಬ್ಬರಿಯಾಗಲೆಂದು ಕಾಯಿಯನ್ನು ಅಟ್ಟಕ್ಕೇರಿಸಿದರು. ತಗಡಿನಲ್ಲಿ ಇನ್ಫೋ ಸಮೇತ ಹೆಸರು ಕೊರೆಸಿ ಚೀಲಕ್ಕೆ ಒತ್ತುವ ಹೊಸ ಅಚ್ಚು ಮಾಡಿಸಿಕೊಂಡರು. ಊರವರೆಲ್ಲ ಹನ್ನೊಂದು ತಿಂಗಳಿಗೆ ಕಾಯಿ ಇಳಿಸಿದರೆ ಈಯಮ್ಮ ಇಳಿಸಲಿಲ್ಲ. ಒಳಗಿನ ನೀರು ಪೂರ್ತಿ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಎನ್ನಬೇಕು. ಗಂಡ ಹಾಗೆಯೇ ಮಾಡುತ್ತಿದ್ದರಂತೆ. ಇಳಿಸಿದಾಗ ಹದಿಮೂರು ತಿಂಗಳಾಗಿತ್ತು, ಸುಲಿದು ಆಯ್ದು ಮುಗಿದಾಗ ಹದಿನಾಲ್ಕು. ಅಂಥ ಉಂಡೆ ಕೊಬ್ಬರಿ ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ.

ಹೆಸರಿನ ಅವಧಿ ಮುಗಿಯುತ್ತದೆಂದು ನನ್ನ ಮೇಲ್‌ಗೆ ಮೂರು ಸಲ ಓಲೆ ಬಂದಿತ್ತು, ಬೋಳುತಲೆಗೆ ಕೂದಲು ಬರಿಸುವ ಜಾಹೀರಾತುಗಳ ನಡುವೆ. ಮೂರನ್ನೂ ಅಳಿಸಿದ್ದೆ.

ಮಾಲು ಸಿದ್ಧವೆಂದು ವಿಳಾಸ ಕಳಿಸಿದ ಮೇಲೆ ದೆಹಲಿಯ ವ್ಯಾಪಾರಿಯ ಫೋನು ನನ್ನ ಸೆಂಟರಿಗೇ ಬಂತು. ಆ ವಿಳಾಸ ಒತ್ತಿದರೆ ಇಸ್ಪೀಟಿನ ಜೂಜು ಬರುತ್ತಿದೆಯಂತೆ; ನೀವು ಎಂಥ ಜನ ಎಂದು ಬೈದು ಫೋನಿಟ್ಟ. ಆಮೇಲೆ ಡಾಟ್ ಕಾಮ್ ಒತ್ತಿರಬೇಕು. ನಾಲ್ಕನೇ ದಿನ ಅವನ ಲಾರಿ ಬಸವರಾಜಪ್ಪನ ಅಂಗಳದಲ್ಲಿ ನಿಂತಿತ್ತು.

ಅನಸೂಯಮ್ಮ ಅಚ್ಚನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. “ತೋರ್ಸಪ್ಪಾ” ಎಂದರು. ತೋರಿಸಿದೆ. ಅವರ ತೋಟದ ಫೋಟೊ ಇದ್ದ ಜಾಗದಲ್ಲಿ ಇಸ್ಪೀಟಿನ ರಾಣಿ ಕಣ್ಣು ಮಿಟುಕಿಸುತ್ತಿದ್ದಳು.

“ವರ್ಷಕ್ಕೆ ಮುಗೀತದೆ ಅಕ್ಕ ಅದು. ನಾನು… ಹೇಳಿರ್ಲಿಲ್ಲ.”

ಅವರು ಬಾಗಿಲಾಚೆ ನೋಡಿದರು. ರಸ್ತೆಯೆಲ್ಲ ಸುಡು ಬಿಸಿಲು.

“ಸೂರ್ಯ ಇನ್ನೂ ಅವ್ನೆ ಕಣಪ್ಪಾ.”

ಅಚ್ಚನ್ನು ಕೀಬೋರ್ಡಿನ ಮೇಲಿಟ್ಟು ಹೋದರು. ಅವರ ಕೊಬ್ಬರಿಯೂ ಬಸವರಾಜಪ್ಪನ ಮಾರ್ಕಿನ ಚೀಲದಲ್ಲೇ ಹೋಯಿತು. ಹಿರಿಯರು ಹೇಳಿದ್ದಂತೆ ಯುಗಾದಿ ಹೊತ್ತಿಗೆ ತೋಟದ ಗೇಟಿಗೂ ಅವನ ಬೀಗ ಬಿತ್ತು.

ಆ ಅಚ್ಚಿನ ತಗಡು ಈಗಲೂ ನನ್ನ ಗೋಡೆಯ ಮೇಲಿದೆ. ಯಾರಾದರೂ ಕೇಳಿದರೆ ದೆಹಲಿಯ ಸೇಠು ಸನ್ಮಾನ ಮಾಡಿ ಕೊಟ್ಟದ್ದು ಎನ್ನುತ್ತಿದ್ದೆ. ಒಮ್ಮೆ ಹಾಗೆ ಹೇಳುತ್ತಿರುವಾಗ ಅನಸೂಯಮ್ಮ ಬಸ್ಸಿಗೆ ಹೋಗುತ್ತ ಬಾಗಿಲ ಮುಂದೆ ಹಾದರು. ಅಲ್ಲಿಂದೀಚೆಗೆ ಕೇಳಿದವರಿಗೆ ಹಳೇ ತಗಡು ಎನ್ನುತ್ತೇನೆ, ಅಷ್ಟೇ.